ವಿಶ್ವವಿದ್ಯಾನಿಲಯದ ಜಾಲತಾಣಕ್ಕೆ ಯಾರು ಹೊಣೆ?
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಉನ್ನತ ಶಿಕ್ಷಣದ ಬಗ್ಗೆ ಮಾತನಾಡಲು ನನಗೆ ತಿಳಿಸಲಾಗಿತ್ತು. ನಾನು ಆರಿಸಿಕೊಂಡ ವಿಷಯ ಕೆಲವರಿಗೆ ಸಣ್ಣದೆನಿಸಬಹುದು. ವಿಶ್ವವಿದ್ಯಾನಿಲಯದ ಜಾಲತಾಣವನ್ನು ಯಾರು ನೋಡಿಕೊಳ್ಳಬೇಕು ಎಂಬುದೇ ಆ ವಿಷಯ. ಹಿಂದೆ ಪ್ರವೇಶದ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತಿತ್ತು, ನೋಟೀಸು ಬೋರ್ಡಿನಲ್ಲಿ ಇರುತ್ತಿತ್ತು. ಇಂದು ಅರ್ಜಿ, ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಹೆಚ್ಚಾಗಿ ಜಾಲತಾಣದಲ್ಲೇ ಸಿಗುತ್ತವೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಗುವಿಗೆ ಕೇಳಿ ತಿಳಿಯಲು ಓದಿದ ಅಣ್ಣನೋ ಅಕ್ಕನೋ ಇರುವುದಿಲ್ಲ. ಅದು ನಂಬುವುದು ಆ ಪುಟವನ್ನೇ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಾಲೇಜಿನ ಪುಟದಲ್ಲಿದ್ದ ಕೊನೆಯ ದಿನಾಂಕವನ್ನು ನಂಬಿ ಹೋದಳು. ಕೇಂದ್ರ ಕಚೇರಿಯ ಪುಟದಲ್ಲಿ ಬೇರೆ ದಿನಾಂಕವಿತ್ತು, ಅದು ಮುಗಿದಿತ್ತು. "ಆ ಪುಟ ನಮ್ಮದಲ್ಲ" ಎಂದು ಎರಡೂ ಕಡೆಯವರು ಹೇಳಿದರು. ಅವಳ ಒಂದು ವರ್ಷ ಹೋಯಿತು. ಇದು ಯಾವುದೋ ಗುಮಾಸ್ತರ ತಪ್ಪು ಎಂದು ಬಿಟ್ಟುಬಿಡಬಾರದು. ಹೊಣೆ ಯಾರದೆಂದು ಮೊದಲೇ ತೀರ್ಮಾನವಾಗದಿರುವುದೇ ಇಲ್ಲಿನ ದೋಷ.

ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವನ್ನು ಉದಾಹರಣೆಯಾಗಿ ನೋಡಿ. 1998ರಲ್ಲಿ ಸ್ಥಾಪನೆಯಾದ ಅದರ ಕೇಂದ್ರ ಹೈದರಾಬಾದಿನಲ್ಲಿದೆ. ಲಖನೌ, ಶ್ರೀನಗರಗಳಲ್ಲಿ ಕ್ಯಾಂಪಸ್‌ಗಳಿವೆ. ನಮ್ಮ ಬೀದರಿನಲ್ಲಿ ಶಿಕ್ಷಕರ ತರಬೇತಿ ಕಾಲೇಜು, ಬೆಂಗಳೂರಿನಲ್ಲಿ ಪಾಲಿಟೆಕ್ನಿಕ್ ಇವೆ. ಹೀಗೆ ಊರೂರಿಗೆ ಹರಡಿದ ಯಾವುದೇ ಸಂಸ್ಥೆಯಲ್ಲಿ ಎಲ್ಲವನ್ನೂ ಕೇಂದ್ರವೇ ಬರೆದರೆ ದೂರದ ಹಾಸ್ಟೆಲಿನ ಸ್ಥಿತಿ ಪುಟಕ್ಕೆ ಬರುವುದಿಲ್ಲ. ಪ್ರತಿ ಕ್ಯಾಂಪಸ್ ತನ್ನಷ್ಟಕ್ಕೆ ಬರೆದರೆ ಒಂದೇ ಕೋರ್ಸಿಗೆ ಎರಡು ಶುಲ್ಕ ಕಾಣಿಸುತ್ತವೆ. ಆದ್ದರಿಂದ ಎಲ್ಲ ಕ್ಯಾಂಪಸ್‌ಗಳ ಪ್ರತಿನಿಧಿಗಳಿರುವ ಒಂದು ಸಮಿತಿ ಬೇಕು.

ಆ ಸಮಿತಿಯಲ್ಲಿ ಕಂಪ್ಯೂಟರ್ ವಿಭಾಗದವರಷ್ಟೇ ಸಾಲದು. ಕುಲಸಚಿವರ ಕಚೇರಿ, ಪರೀಕ್ಷಾ ವಿಭಾಗ, ಗ್ರಂಥಾಲಯ, ಭಾಷಾ ವಿಭಾಗ, ವಿದ್ಯಾರ್ಥಿಗಳು ಎಲ್ಲರೂ ಇರಬೇಕು. ಅದರ ಮೊದಲ ಕೆಲಸ, ಸಂಸ್ಥೆಯ ಹೆಸರಿನಲ್ಲಿ ಎಷ್ಟು ತಾಣಗಳಿವೆ ಎಂಬ ಪಟ್ಟಿ ಮಾಡುವುದು. ಎಂದೋ ನಡೆದ ವಿಚಾರಸಂಕಿರಣಕ್ಕೆ ತೆರೆದ ಪುಟ ವಾರಸುದಾರರಿಲ್ಲದೆ ಉಳಿದಿದ್ದರೆ ಮೋಸಗಾರರಿಗೆ ಅದೇ ಬಾಗಿಲು. ಎರಡನೆಯದಾಗಿ, ಪ್ರತಿ ಪುಟಕ್ಕೂ ಒಂದು ಹುದ್ದೆಯ ಹೊಣೆ ಗೊತ್ತುಮಾಡಬೇಕು. ವ್ಯಕ್ತಿಯ ಹೆಸರಿಗೆ ಹೊಣೆ ಕಟ್ಟಿದರೆ ಅವರು ವರ್ಗವಾದ ದಿನವೇ ಪುಟ ಅನಾಥವಾಗುತ್ತದೆ. ಮೂರನೆಯದಾಗಿ, ಶುಲ್ಕ ಮತ್ತು ದಿನಾಂಕಗಳು ಒಂದೇ ಕಡೆ ಇರಬೇಕು, ಉಳಿದ ಪುಟಗಳು ಅಲ್ಲಿಗೇ ದಾರಿ ತೋರಿಸಬೇಕು. ಪುಟವನ್ನು ಕೊನೆಯದಾಗಿ ಪರಿಶೀಲಿಸಿದ ದಿನವನ್ನೂ ಕಾಣಿಸಬೇಕು. ಆದರೆ ಪ್ರತಿ ಸಾಲಿಗೂ ಸಮಿತಿಯ ಒಪ್ಪಿಗೆ ಬೇಕೆಂದರೆ ಕೆಲಸ ಸಾಗದು. ನಿಯಮ ಸಮಿತಿಯದು, ಬರವಣಿಗೆ ಆಯಾ ಕ್ಯಾಂಪಸ್ಸಿನದು.

ಇದು ಕೇವಲ ಔದಾರ್ಯದ ಮಾತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಯಾರೂ ಅರ್ಜಿ ಹಾಕದಿದ್ದರೂ ಸಾರ್ವಜನಿಕ ಸಂಸ್ಥೆಗಳು 17 ಬಗೆಯ ಮಾಹಿತಿಯನ್ನು ತಾವೇ ಪ್ರಕಟಿಸಬೇಕೆನ್ನುತ್ತದೆ. ಮಾಹಿತಿ ಹರಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಅದೇ ಕಲಮು ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಮಾಹಿತಿ ತಂತ್ರಜ್ಞಾನ ಅವರಿಗೂ ಎಟುಕುವಂತಿರಬೇಕು ಎನ್ನುತ್ತದೆ.

ಎರಡು ಭಾಷೆ ಕಲಿಸುವ ನನಗೆ ಲಿಪಿಯ ವಿಷಯವೂ ಮುಖ್ಯ. ಇನ್‌ಪೇಜಿನಲ್ಲಿ ಬರೆದ ಉರ್ದು ಸುತ್ತೋಲೆಯನ್ನು ಚಿತ್ರವಾಗಿ ಹಾಕಿದರೆ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಕನ್ನಡ ಹಾಕಿದರೆ, ಕಣ್ಣಿಗೆ ಕಂಡರೂ ಹುಡುಕಿದರೆ ಸಿಗುವುದಿಲ್ಲ. ದೃಷ್ಟಿಹೀನ ವಿದ್ಯಾರ್ಥಿ ಬಳಸುವ ಓದುವ ತಂತ್ರಾಂಶಕ್ಕೂ ಅದು ಸರಿಯಾಗಿ ದಕ್ಕದು. ಉರ್ದು ಬಲದಿಂದ ಎಡಕ್ಕೆ ಸಾಗುವ ಬರಹ. ಅದನ್ನು ಎಡದಿಂದ ಬಲಕ್ಕೆಂದು ರೂಪಿಸಿದ ಪುಟದಲ್ಲಿ ಹಾಗೆಯೇ ಸುರಿದರೆ ಅಂಕಿ, ಆವರಣ ಚಿಹ್ನೆಗಳೆಲ್ಲ ಸ್ಥಳ ಬದಲಿಸುತ್ತವೆ. ಸಮಿತಿಯಲ್ಲಿ ಭಾಷೆ ಬಲ್ಲವರು ಕೂರಬೇಕೆನ್ನುವುದು ಇದಕ್ಕಾಗಿಯೇ.

ವಿದ್ಯಾರ್ಥಿಗಳೇ, ನಿಮಗೂ ಕೆಲಸವಿದೆ. ಶುಲ್ಕ ಕಟ್ಟುವ ಮುನ್ನ ತಾಣದ ವಿಳಾಸ ನೋಡಿ. 'ಎಸಿ ಡಾಟ್ ಇನ್' ಎಂದು ಕೊನೆಯಾಗುವ ಹೆಸರುಗಳನ್ನು ಅರ್ನೆಟ್ ಇಂಡಿಯಾ ಸಂಸ್ಥೆ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆಂದೇ ನೋಂದಾಯಿಸುತ್ತದೆ. ಯುಜಿಸಿ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿ ಪ್ರಕಟಿಸುತ್ತದೆ, ಅದನ್ನೂ ನೋಡಿ. ತಪ್ಪು ಕಂಡರೆ ದಿನಾಂಕ ಸಹಿತ ಪ್ರತಿ ಇಟ್ಟುಕೊಂಡು ಕುಲಸಚಿವರಿಗೆ ಬರೆಯಿರಿ. ನೀವು ಬರೆದ ಒಂದು ಪತ್ರದಿಂದ ಮುಂದಿನ ವರ್ಷ ಬರುವ ತಂಗಿಯೊಬ್ಬಳ ಸೀಟು ಉಳಿಯಬಹುದು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಸೆನೆಟ್, ಸಿಂಡಿಕೇಟಿನ ಸದಸ್ಯರನ್ನು ಭೇಟಿಯಾದಾಗ ಕಟ್ಟಡ, ಅನುದಾನದ ಜೊತೆಗೆ ಇಂಥ ಸಮಿತಿ ಇದೆಯೇ, ಅದು ಸಭೆ ಸೇರುತ್ತದೆಯೇ ಎಂದೂ ಕೇಳಿ.