ಮರೆತ ಮಾತಿನ ಉಳಿಕೆ

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಭೆಗಳಲ್ಲಿ ವರ್ಷವೂ ತಪ್ಪದೆ ಕೇಳಿಬರುವ ಮಾತೊಂದಿದೆ: 'ನಮ್ಮ ಮಕ್ಕಳು ಕನ್ನಡ ಮರೆತರು.' ಹೇಳುವವರ ದನಿಯಲ್ಲಿ ಒಮ್ಮೆ ವಿಷಾದವಿರುತ್ತದೆ, ಒಮ್ಮೆ ಆರೋಪವಿರುತ್ತದೆ. ಆರೋಪ ತಾಯಂದಿರ ಮೇಲೆ, ಶಾಲೆಯ ಮೇಲೆ, ಸರ್ಕಾರದ ಮೇಲೆ, ಕಡೆಗೆ ಸಂಘದ ಮೇಲೆ. ಆದರೆ 'ಮರೆತರು' ಎಂದರೆ ಏನೆಂದು ನಾವು ವಿಚಾರಿಸಿದ್ದು ಕಡಿಮೆ. ನಾನು ವೃತ್ತಿಯಿಂದ ಕೇಂದ್ರ ಸರ್ಕಾರದ ಅಧಿಕಾರಿ. ಮನಶ್ಶಾಸ್ತ್ರವನ್ನು ಸ್ನಾತಕೋತ್ತರ ತರಗತಿಯಲ್ಲಿ ಓದಿದವನೇ ಹೊರತು ಸಂಶೋಧಕನಲ್ಲ. ಆದರೂ ಆ ಶಾಸ್ತ್ರ ಕಂಡುಕೊಂಡ ಕೆಲವು ಸಂಗತಿಗಳು ನಮ್ಮ ಈ ಹಳೆಯ ಅಳಲಿಗೆ ನೇರವಾಗಿ ಸಂಬಂಧಿಸಿದವು ಎಂಬ ಕಾರಣದಿಂದ ತಮ್ಮ ಮುಂದೆ ನಿಂತಿದ್ದೇನೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಸ್ಮೃತಿಯನ್ನು ಕುರಿತ ತನ್ನ ಗ್ರಂಥವನ್ನು 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಮಾಡಿಕೊಂಡು, ತಾನೇ ಪ್ರಯೋಗಕಾರನೂ ಪ್ರಯೋಗಕ್ಕೆ ಒಳಗಾದವನೂ ಆಗಿ ಅವನ್ನು ಬಾಯಿಪಾಠ ಮಾಡಿದ. ಒಂದು ಗುಚ್ಛವನ್ನು ಮುಂದಿನದಕ್ಕೆ ಮನಸ್ಸು ಹೇಗೆ ಬೆಸೆಯುತ್ತದೆ, ಆ ಬೆಸುಗೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಅವನ ಪ್ರಶ್ನೆ. ಈ ಬೆಸುಗೆಯನ್ನೇ ಮನಶ್ಶಾಸ್ತ್ರ 'ಸಾಹಚರ್ಯ'ವೆಂದು ಕರೆಯುತ್ತದೆ. ಎಬ್ಬಿಂಗ್‌ಹೌಸನ ಜಾಣ್ಮೆ ಅವನ ಅಳತೆಗೋಲಿನಲ್ಲಿದೆ. 'ಎಷ್ಟು ನೆನಪಿದೆ?' ಎಂದು ಕೇಳುವ ಬದಲು 'ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು?' ಎಂದು ಅವನು ಕೇಳಿದ. ಉದಾಹರಣೆಗೆ, ಮೊದಲು ನೂರು ನಿಮಿಷ ಬೇಕಾಗಿದ್ದ ಪಾಠಕ್ಕೆ ಎರಡನೆಯ ಸಲ ಅರವತ್ತಾರು ನಿಮಿಷ ಸಾಕಾದರೆ ಉಳಿತಾಯ ಶೇ. 34. ಅವನ ಲೆಕ್ಕದಲ್ಲಿ ಈ ಉಳಿತಾಯ 20 ನಿಮಿಷಗಳ ನಂತರ ಸುಮಾರು ಶೇ. 58, ಒಂದು ದಿನದ ನಂತರ ಶೇ. 34, 31 ದಿನಗಳ ನಂತರ ಶೇ. 21.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮರೆವು ಮೊದಮೊದಲು ಧಾವಿಸುತ್ತದೆ, ಆಮೇಲೆ ನಿಧಾನವಾಗುತ್ತದೆ. ಎರಡನೆಯದಾಗಿ, ಬಾಯಿಗೆ ಬಾರದ್ದು ಮನಸ್ಸಿನಲ್ಲಿ ಸೊನ್ನೆಯಾಗಿದೆ ಎಂದು ತಿಳಿಯಬೇಕಾಗಿಲ್ಲ.

ಅರ್ಥವಿಲ್ಲದ ಅಕ್ಷರಗಳ ಮಾತು ಭಾಷೆಗೂ ಸಲ್ಲುತ್ತದೆಯೆ? 2009ರಲ್ಲಿ ಜೆಫ್ರಿ ಬೋವರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ನಮಗೆ ಬಹಳ ಹತ್ತಿರದ್ದು. ಬಾಲ್ಯದಲ್ಲಿ ಹಿಂದಿ ಅಥವಾ ಜುಲು ಭಾಷೆಯ ನಡುವೆ ಇದ್ದು, ಅನಂತರ ಅದನ್ನು ಪೂರ್ತಿ ಮರೆತಿದ್ದ ಇಂಗ್ಲಿಷ್ ಭಾಷಿಕರನ್ನು ಅವರು ಪರೀಕ್ಷಿಸಿದರು. ಪದಗಳ ಅರ್ಥ ಕೇಳಿದರೆ ಅವರಿಗೆ ಏನೂ ತಿಳಿಯದು. ಆದರೆ ಆ ಭಾಷೆಯ ಸೂಕ್ಷ್ಮ ಧ್ವನಿಭೇದಗಳನ್ನು ಮತ್ತೆ ಕಲಿಸಿದಾಗ, ನಲವತ್ತು ವರ್ಷದೊಳಗಿನವರು ಅವನ್ನು ಮರಳಿ ಗುರುತಿಸತೊಡಗಿದರು. ನಲವತ್ತು ದಾಟಿದವರಲ್ಲಿ ಈ ಲಾಭ ಕಾಣಲಿಲ್ಲ. ಪರೀಕ್ಷೆಗೆ ಒಳಗಾದವರು ಕೆಲವರೇ ಆದ್ದರಿಂದ ಇದನ್ನು ಸಾರ್ವತ್ರಿಕ ನಿಯಮವೆನ್ನಲಾಗದು. ಆದರೆ ಅದರ ಸೂಚನೆ ಸ್ಪಷ್ಟ: ಉಳಿಕೆ ಇದೆ, ಅದಕ್ಕೆ ಕಾಲಮಿತಿಯೂ ಇರಬಹುದು.

ನಮ್ಮ ಮನೆಗಳನ್ನೇ ನೋಡಿ. 'ಬೆಲೆ', 'ಬೆಳೆ', 'ಬೇಳೆ' ಈ ಮೂರನ್ನೂ ದೆಹಲಿಯಲ್ಲಿ ಬೆಳೆದ ಎಷ್ಟೋ ಮಕ್ಕಳು ಒಂದೇ ತೆರನಾಗಿ ಉಚ್ಚರಿಸುತ್ತಾರೆ. ಅವರ ಕಿವಿಗೆ ನಿತ್ಯ ಬೀಳುವ ಹಿಂದಿಯಲ್ಲಿ ಳಕಾರವಿಲ್ಲ. ಎಕಾರ ಏಕಾರಗಳನ್ನು ನಮ್ಮಂತೆ ಬೇರೆ ಬೇರೆ ಅಕ್ಷರಗಳಾಗಿ ಎಣಿಸುವ ಪದ್ಧತಿಯೂ ಇಲ್ಲ. ನೆಂಟರ ಮುಂದೆ ಮಗು ಹಾಗೆ ನುಡಿದಾಗ ನಾವು ನಗುತ್ತೇವೆ. ಒಮ್ಮೆ ನಗೆಗೀಡಾದ ಮಗು ಮುಂದಿನ ಸಲ ಬಾಯಿ ತೆರೆಯದು. ಉಳಿಕೆಯನ್ನು ಹೊರತರುವ ಬಾಗಿಲು ಅಲ್ಲಿಗೆ ಮುಚ್ಚಿತು.

ಹಾಗಾದರೆ ಕಲಿಸುವ ಕ್ರಮ ಯಾವುದು? ಇಲ್ಲಿ ಅಮೆರಿಕದ ಹ್ಯಾರಿ ಬಾರಿಕ್ ಅವರನ್ನು ನೆನೆಯಬೇಕು. ಅವರೂ ಅವರ ಕುಟುಂಬದ ಮೂವರೂ ಸೇರಿ 300 ಪದಜೋಡಿಗಳನ್ನು, ಎಂದರೆ ಒಂದು ಇಂಗ್ಲಿಷ್ ಪದ ಮತ್ತು ಅದಕ್ಕೆ ಸಮನಾದ ಒಂದು ಪರಭಾಷಾ ಪದವನ್ನು, ವರ್ಷಗಟ್ಟಲೆ ಕಲಿತು ಮತ್ತೆ ಮತ್ತೆ ಮನನ ಮಾಡಿದರು. ಕೆಲವು ಪದಗಳಿಗೆ 14 ದಿನಗಳ ಅಂತರ, ಕೆಲವಕ್ಕೆ 28, ಕೆಲವಕ್ಕೆ 56. ಕಲಿಕೆ ಮುಗಿದು ಐದು ವರ್ಷಗಳವರೆಗೆ ಪರೀಕ್ಷೆ ನಡೆಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶವಿದು: 56 ದಿನಗಳಿಗೊಮ್ಮೆ ನಡೆದ 13 ಪಾಠಗಳು, 14 ದಿನಗಳಿಗೊಮ್ಮೆ ನಡೆದ 26 ಪಾಠಗಳಷ್ಟೇ ನೆನಪನ್ನು ಉಳಿಸಿದವು. ಅರ್ಧ ಶ್ರಮ, ಸಮಾನ ಫಲ. ದೂರದ ಅಂತರದಲ್ಲಿ ಕಲಿಕೆ ತುಸು ನಿಧಾನವಾಯಿತೆಂಬುದೂ ನಿಜ. ಆದರೆ ಕಲಿತದ್ದು ನಿಂತಿತು.

ಇನ್ನೊಂದು ಪ್ರಯೋಗ ರೋಡಿಗರ್ ಮತ್ತು ಕಾರ್ಪಿಕಿ ಅವರದು, 2006ರಲ್ಲಿ ಪ್ರಕಟವಾದದ್ದು. ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿನವರು ಒಂದು ಸರದಿ ಓದಿ, ಮೂರು ಸರದಿ ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಓದಿದವರದೇ ಮೇಲುಗೈ. ಒಂದು ವಾರ ಕಳೆದ ಮೇಲೆ ಓದಿದವರಲ್ಲಿ ಶೇ. 40 ಉಳಿದಿದ್ದರೆ, ನೆನೆದು ಬರೆದವರಲ್ಲಿ ಶೇ. 61 ಉಳಿದಿತ್ತು. ನೆನಪನ್ನು ಬಳಸುವುದೇ ನೆನಪನ್ನು ಕಾಯುವ ದಾರಿ.

ಪದಜೋಡಿ ಭಾಷೆಯಲ್ಲ ಎಂಬುದು ನನಗೆ ಗೊತ್ತು. ಭಾಷೆಯಲ್ಲಿ ವ್ಯಾಕರಣವಿದೆ, ಮುನಿಸಿದೆ, ಹಾಸ್ಯವಿದೆ. ಆದರೂ ಈ ಫಲಿತಾಂಶಗಳನ್ನು ನಮ್ಮ ರೂಢಿಯ ಪಕ್ಕದಲ್ಲಿಟ್ಟು ನೋಡಿ. ನಾವು ಬೇಸಿಗೆಯ ರಜೆಯಲ್ಲಿ ಶಿಬಿರ ನಡೆಸಿ ವರ್ಣಮಾಲೆಯನ್ನು ಒಂದೇ ಉಸಿರಿಗೆ ಕಲಿಸುತ್ತೇವೆ, ಪ್ರಮಾಣಪತ್ರ ಕೊಡುತ್ತೇವೆ. ರಾಜ್ಯೋತ್ಸವದಂದು ಮಕ್ಕಳಿಗೆ ಹಾಡೊಂದನ್ನು ದೇವನಾಗರಿಯಲ್ಲಿ ಬರೆದುಕೊಟ್ಟು ಓದಿಸುತ್ತೇವೆ. ಐದು ನಿಮಿಷದ ಚಪ್ಪಾಳೆಗೆ ಇದು ಸಾಕು. ಮುಂದಿನ ಬೇಸಿಗೆಗೆ ಸಾಲದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಶಿಬಿರದ ಗಂಟೆಗಳನ್ನು ವರ್ಷದುದ್ದಕ್ಕೂ ಹಂಚೋಣ. ಹದಿನೈದು ದಿನಗಳಿಗೊಂದು ಭಾನುವಾರವಾದರೂ ಸರಿ. ಆ ತರಗತಿಯಲ್ಲಿ ಮಕ್ಕಳು ಕೇಳುವುದಕ್ಕಿಂತ ಹೇಳುವುದು ಹೆಚ್ಚಾಗಲಿ: ಊರಿನ ಅಜ್ಜಿಗೆ ಪತ್ರ, ದೂರವಾಣಿಯಲ್ಲಿ ಮಾತು, ಕಂಡದ್ದರ ವರ್ಣನೆ. 'ನನಗೆ ಕನ್ನಡ ಬರುವುದಿಲ್ಲ' ಎನ್ನುವ ಇಪ್ಪತ್ತೈದರ ತರುಣ ತರುಣಿಯರಿಗೆ ಬೇರೊಂದು ತರಗತಿ ತೆರೆಯೋಣ. ಅವರು ಮೊದಲಿನಿಂದ ಆರಂಭಿಸುವವರೆಂದು ಭಾವಿಸದೆ, ಉಳಿತಾಯವಿರುವ ಖಾತೆದಾರರೆಂದು ಬರಮಾಡಿಕೊಳ್ಳೋಣ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಿಂದ ಹೇಳುತ್ತಿದೆ. ಅದನ್ನು ಕೇಳುವುದು ಸಂಘದ ಕರ್ತವ್ಯ, ಕೇಳುತ್ತಲೇ ಇರೋಣ. ಆದರೆ ಮನವಿಪತ್ರಕ್ಕೆ ಉತ್ತರ ಬರುವವರೆಗೆ ಮಕ್ಕಳ ಬಾಲ್ಯ ಕಾಯುವುದಿಲ್ಲ. ಈ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಭಾನುವಾರದ ವೇಳಾಪಟ್ಟಿಯನ್ನು ನಿಶ್ಚಯಿಸಬೇಕೆಂದು ಕೋರುತ್ತೇನೆ. ಮೊದಲ ತರಗತಿಗೆ ಶಿಕ್ಷಕನಾಗಿ ನನ್ನ ಹೆಸರನ್ನು ಬರೆದುಕೊಳ್ಳಬಹುದು.