ಗೀತಕಾರ ಮಾಡಗೂಳಕರರೂ ನಮ್ಮ ಶಾಲೆಯ ಹಾಡೂ
(ವಾರ್ಷಿಕ ಸ್ನೇಹಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಕನ್ನಡ ಶಾಲೆಯ ಸಮ್ಮೇಲನದಲ್ಲಿ ಮರಾಠೀ ಗೀತಕಾರರೊಬ್ಬರ ಮಾತೇಕೆಂದು ಕೆಲವರು ಕೇಳಿಯಾರು. ಕೇಳುವುದು ನ್ಯಾಯವೇ. ಗಜಾನನ ದಿಗಂಬರ ಮಾಡಗೂಳಕರರು ನಮ್ಮ ಜಿಲ್ಲೆಯವರು. ಆಟಪಾಡಿ ತಾಲೂಕಿನ ಶೇಟಫಳೆಯಲ್ಲಿ 1919ನೆಯ ಅಕ್ಟೋಬರ್ 1ರಂದು ಜನಿಸಿದವರು. ನಮ್ಮವರು ಹೆಚ್ಚಾಗಿರುವ ಜತ್ತ ತಾಲೂಕಿಗೆ ಅದು ನೆರೆಯ ಸೀಮೆ. ಎರಡೂ ಕಡೆ ಮಳೆ ಕಡಿಮೆ, ಕಲ್ಲುನೆಲ ಹೆಚ್ಚು.

ಬಡತನದಲ್ಲಿ ಬೆಳೆದ ಅವರು ಔಂಧ ಸಂಸ್ಥಾನದಲ್ಲಿ ಓದಿದರು. ಮ್ಯಾಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. (ಹತ್ತನೆಯ ಇಯತ್ತೆಯ ಹುಡುಗರು ಮುಖ ಮುಖ ನೋಡಿಕೊಂಡು ನಗುತ್ತಿರುವುದು ನಮಗೆ ಕಾಣುತ್ತಿದೆ, ಮುಂದಿನದನ್ನೂ ಅವರು ಕೇಳತಕ್ಕದ್ದು.) ಕೊಲ್ಹಾಪುರದ ಚಿತ್ರಸಂಸ್ಥೆಗಳಲ್ಲಿ ಚಿಕ್ಕಪುಟ್ಟ ಕೆಲಸ ಮಾಡುತ್ತ, ಸಾಂಗಲಿಯಲ್ಲಿಯೇ ಹುಟ್ಟಿದ ವಿ. ಸ. ಖಾಂಡೇಕರರಿಗೆ ಲಿಪಿಕಾರರಾದರು. ಹಿರಿಯ ಲೇಖಕನ ವಾಕ್ಯಗಳು ದಿನವೂ ತನ್ನ ಕೈಯಿಂದ ಹಾದುಹೋಗುವುದು ಯಾವ ಕಾಲೇಜಿನ ಶಿಕ್ಷಣಕ್ಕೂ ಕಡಿಮೆಯದಲ್ಲ. ಆ ಬಳಿಕ ಚಿತ್ರಕಥೆ, ಸಂಭಾಷಣೆ, ಗೀತೆಗಳು ತುಂಬಿ ಹರಿದವು. 1957ರ ‘ದೋ ಆಂಖೇ ಬಾರಹ ಹಾಥ್’ ಚಿತ್ರದ ಕಥೆ ಅವರದು. ಆಟಪಾಡಿಯ ಬಳಿ ಔಂಧ ಸಂಸ್ಥಾನವು ತೆರೆದ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಸೆರೆಮನೆಯೇ ಅದಕ್ಕೆ ಸ್ಫೂರ್ತಿ. ತನ್ನೂರಿನ ಮಗ್ಗುಲಲ್ಲಿದ್ದುದನ್ನು ಅವರು ಜಗತ್ತಿಗೆ ತೋರಿಸಿದರು.

ಆದರೆ ಅವರ ಹೆಸರನ್ನು ಮನೆಮನೆಗೆ ಒಯ್ದದ್ದು ‘ಗೀತರಾಮಾಯಣ’. 1955ನೆಯ ಏಪ್ರಿಲ್ 1ರ ರಾಮನವಮಿಯಂದು ಪುಣೆ ಆಕಾಶವಾಣಿಯಲ್ಲಿ ಆರಂಭವಾಗಿ, ವಾರಕ್ಕೊಂದು ಹಾಡಿನಂತೆ ಒಂದು ವರ್ಷ ನಡೆಯಿತು. ಸಂಗೀತ ಸುಧೀರ ಫಡಕೆಯವರದು. ಐವತ್ತೆರಡು ಹಾಡುಗಳೆಂದು ಎಣಿಸಿದ್ದರೂ ಆ ವರ್ಷ ಅಧಿಕಮಾಸ ಬಂದು 56 ಆದವು. ದಶರಥ, ಕೌಸಲ್ಯೆ, ಗುಹ, ಶೂರ್ಪನಖಿ ಹೀಗೆ ಪಾತ್ರಗಳೇ ಬಾಯಿಬಿಟ್ಟು ಹಾಡುತ್ತವೆ. ದೋಣಿ ಹುಟ್ಟುಹಾಕುವವನ ಮಾತಿಗೂ ರಾಣಿಯ ಮಾತಿಗೂ ಲಯ ಬೇರೆ, ಪದ ಬೇರೆ. ಆದರೆ ಅಕ್ಷರ ಬಾರದ ಅಜ್ಜಿಗೂ ಒಂದು ಪದ ತೊಡಕಾಗದು. ಈ ಸರಳತೆಯನ್ನು ಸುಲಭವೆಂದು ತಿಳಿದವರು ಒಂದು ನುಡಿಯನ್ನು ಬರೆದು ನೋಡಲಿ. ಮೊದಲ ಹಾಡಿನಲ್ಲಿ ಕುಶಲವರು ತಂದೆಯೆದುರು ಹಾಡುತ್ತಾರೆ. ಕೊನೆಯದರಲ್ಲಿ ವಾಲ್ಮೀಕಿಯು ಆ ಬಾಲಕರಿಗೆ ಹಾಡಿರೆಂದು ಹೇಳುತ್ತಾನೆ. ಗುರುವು ಶಿಷ್ಯರನ್ನು ಹಾಡಲು ಕಳುಹುವಲ್ಲಿ ಕಾವ್ಯ ಮುಗಿಯುವುದು ಶಿಕ್ಷಕರಾದ ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಈ ಕೃತಿ ಕನ್ನಡಕ್ಕೂ ಅನುವಾದಗೊಂಡಿದೆ. 1969ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 1977ನೆಯ ಡಿಸೆಂಬರ್ 14ರಂದು ತೀರಿಕೊಂಡರು.

ಈ ಕೊಳುಕೊಡೆ ಹೊಸದಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠೀ ರಂಗಭೂಮಿಗೆ ಅಡಿಗಲ್ಲಿಟ್ಟರು. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದಿಂದ ಬಂದ ಭಾಗವತ ಮೇಳದ ಆಟ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದ ವರಕವಿಯಾದರು. ಸೊಲ್ಲಾಪುರದಲ್ಲಿ ಪ್ರಾಧ್ಯಾಪಕರೂ ಆಗಿದ್ದರು.

ಈಗ ನಮ್ಮ ಶಾಲೆಯ ಮಾತು. ನಮ್ಮ ಮಕ್ಕಳು ಮಾಡಗೂಳಕರರ ನವಿಲಿನ ಹಾಡನ್ನು, ಉಗಿಬಂಡಿಯ ಹಾಡನ್ನು ತಪ್ಪಿಲ್ಲದೆ ಹಾಡುತ್ತಾರೆ. ಅದಕ್ಕೆ ನಮಗೆ ಸಂತೋಷವೇ. ಬೇಂದ್ರೆಯವರದೊಂದನ್ನು ಹಾಡಿರೆಂದರೆ ಪುಸ್ತಕ ತೆರೆದು ಗದ್ಯದಂತೆ ಓದುತ್ತಾರೆ. ತಪ್ಪು ಮಕ್ಕಳದೂ ಅಲ್ಲ, ಮರಾಠಿಯದೂ ಅಲ್ಲ. ಮಾಡಗೂಳಕರರ ಹಾಡಿಗೆ ಫಡಕೆಯವರಿದ್ದರು, ರೇಡಿಯೋ ಇದ್ದಿತು. ನಮ್ಮ ಪಾಠದ ಪದ್ಯಕ್ಕೆ ಪ್ರಶ್ನೋತ್ತರ ಮಾತ್ರವಿದೆ. ಕನ್ನಡ ಮಾಧ್ಯಮದಲ್ಲಿ ಮಗುವನ್ನು ಸೇರಿಸಲೋ ಬೇಡವೋ ಎಂದು ಪಾಲಕರು ಹಿಂದೆಮುಂದೆ ನೋಡುತ್ತಿರುವ ಈ ದಿನಗಳಲ್ಲಿ, ಮಗು ಮನೆಗೆ ಹೋಗಿ ಒಂದು ಕನ್ನಡ ಹಾಡು ಹಾಡಿದರೆ ಅದು ನಮ್ಮ ಹತ್ತು ಕರಪತ್ರಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಆದುದರಿಂದ ಬರುವ ಜೂನ್ ತಿಂಗಳಿಂದ ಪ್ರತಿ ಶನಿವಾರ ಕೊನೆಯ ತಾಸು ಹಾಡಿಗೆ ಮೀಸಲು. ಐದನೆಯ ಇಯತ್ತೆಯಿಂದ ಮೇಲಿನ ಪ್ರತಿ ವರ್ಗವೂ ವರ್ಷಕ್ಕೆ ಎಂಟು ಕನ್ನಡ ಪದ್ಯಗಳನ್ನೂ ಎರಡು ಮರಾಠೀ ಗೀತೆಗಳನ್ನೂ ಕಂಠಸ್ಥ ಮಾಡತಕ್ಕದ್ದು. ಸಂಘದ ಮಹನೀಯರಲ್ಲಿ ನಮ್ಮ ವಿನಂತಿ ಇಷ್ಟೆ: ವಾರಕ್ಕೊಮ್ಮೆ ಬರುವ ಸಂಗೀತ ಶಿಕ್ಷಕರೊಬ್ಬರ ಗೌರವಧನ, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ. ತಂಬೂರಿಗಾಗಿ ಎಲ್ಲೆಲ್ಲಿಂದಲೋ ಗಾಯಕರು ಹುಡುಕಿಕೊಂಡು ಬರುವ ಮಿರಜೆಯಲ್ಲಿ ನಮ್ಮ ಶಾಲೆಗೆ ಒಂದು ತಂಬೂರಿಯಿಲ್ಲ. ಅದನ್ನು ಕೊಡುವ ದಾನಿಗಳು ಈ ಸಭೆಯಲ್ಲಿದ್ದರೆ ಭೋಜನಕ್ಕೆ ಏಳುವ ಮುನ್ನ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕು.