ಒಂದು ಸೆಂಟಿಮೀಟರಿನ ತಕರಾರು



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಡಾಕ್ಟರಮ್ಮನವರ ವಾರ್ಡಿನಲ್ಲಿ ಹೌಸ್‌ಸರ್ಜನ್ ಆಗಿ ಕೆಲಸ ಕಲಿತವನು ನಾನು. ಸ್ಟೆತಸ್ಕೋಪ್ ಇಡುವ ಮೊದಲು ಮಗುವಿನ ಅಂಗಿ ಬಿಚ್ಚಿಸಿ ಒಂದು ನಿಮಿಷ ಸುಮ್ಮನೆ ನೋಡಿ ಅನ್ನುತ್ತಿದ್ದರು. ಪಕ್ಕೆ ಎಳೆಯುವುದು ಕಿವಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ನನ್ನ ಭಾಗ್ಯ.

ನನ್ನ ವಿಷಯ ಮಕ್ಕಳ ಉಬ್ಬಸ. ಉಬ್ಬಸದಲ್ಲಿ ಶ್ವಾಸನಾಳದ ಒಳಪದರ ಉರಿಯೂತದಿಂದ ಊದಿರುತ್ತದೆ. ಇನ್‌ಹೇಲರ್ ಪಂಪಿನ ಸ್ಟೀರಾಯ್ಡ್ ಆ ಉರಿಯೂತವನ್ನೇ ತಗ್ಗಿಸುತ್ತದೆ, ಸಾಲ್ಬುಟಮಾಲ್ ನಾಳದ ಬಿಗಿತವನ್ನಷ್ಟೇ ಸಡಿಲಿಸುತ್ತದೆ. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳುತ್ತದೆ. ನಾನು ಎತ್ತಿಕೊಂಡಿರುವುದು ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ನಮ್ಮೊಳಗೇ ಇರುವ ಜಗಳ: ಪಂಪಿನ ಸ್ಟೀರಾಯ್ಡನ್ನು ದಿನಾ ಕೊಡಬೇಕೋ, ನೆಗಡಿ ಹಿಡಿದಾಗ ಮಾತ್ರ ಸಾಕೋ?

ಈ ವಯಸ್ಸಿನಲ್ಲಿ ಸುಂಯ್ ಅನ್ನುವ ಎದೆಯೆಲ್ಲ ಉಬ್ಬಸವಲ್ಲ. ಅಮೆರಿಕದ ಟೂಸಾನ್‌ನಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದವರು 1995ರಲ್ಲಿ ಬರೆದಂತೆ, ಮೊದಲ ಮೂರು ವರ್ಷದಲ್ಲಿ ಈ ಸುಂಯ್ ಸದ್ದು (ವೀಜಿಂಗ್) ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಆರನೇ ವಯಸ್ಸಿಗೆ ಅದು ಇರಲಿಲ್ಲ. ಹಾಗಾಗಿ ಎಲ್ಲರಿಗೂ ಬೇಗ ಶುರುಮಾಡಿದರೆ ಮುಂದೆ ಉಬ್ಬಸವೇ ಬರದು ಅನ್ನುವ ಮಿತ್ರರ ಮಾತನ್ನು ನಾನು ಒಪ್ಪಲಾರೆ. 2006ರ ಪೀಕ್ ಅಧ್ಯಯನದಲ್ಲಿ, ಉಬ್ಬಸಕ್ಕೆ ತಿರುಗುವ ಸಾಧ್ಯತೆ ಹೆಚ್ಚಿದ್ದ ಎರಡು–ಮೂರು ವರ್ಷದ 285 ಮಕ್ಕಳಲ್ಲಿ ಒಂದು ಗುಂಪಿಗೆ ಎರಡು ವರ್ಷ ಫ್ಲುಟಿಕಾಸೋನ್ ಎಂಬ ಪಂಪಿನ ಸ್ಟೀರಾಯ್ಡ್ ಕೊಟ್ಟರು. ಕೊಡುತ್ತಿದ್ದಷ್ಟು ದಿನ ಮಕ್ಕಳು ಚೆನ್ನಾಗಿದ್ದರು. ನಿಲ್ಲಿಸಿದ ಮೇಲಿನ ವರ್ಷ ಎರಡು ಗುಂಪಿಗೂ ವ್ಯತ್ಯಾಸ ಉಳಿಯಲಿಲ್ಲ. ಔಷಧಿ ರೋಗವನ್ನು ಹಿಡಿದಿಡುತ್ತದೆ, ಅದರ ದಾರಿ ಬದಲಿಸುವುದಿಲ್ಲ.

ಇನ್ನು ಸ್ಟೀರಾಯ್ಡ್ ಮಗುವಿನ ಎತ್ತರ ತಗ್ಗಿಸುತ್ತದೆ ಅನ್ನುವ ಮಾತು. ಪೀಕ್‌ನಲ್ಲಿ ಔಷಧಿ ಪಡೆದ ಮಕ್ಕಳಲ್ಲಿ ಎರಡು ವರ್ಷಕ್ಕೆ 1.1 ಸೆಂಟಿಮೀಟರ್ ಕೊರತೆ ಕಂಡಿತು, ಔಷಧಿ ನಿಂತು ಒಂದು ವರ್ಷಕ್ಕೆ ಅದು 0.7ಕ್ಕೆ ಇಳಿಯಿತು. ಶಾಲಾ ವಯಸ್ಸಿನಲ್ಲಿ ನಾಲ್ಕರಿಂದ ಆರು ವರ್ಷ ಬುಡೆಸೊನೈಡ್ ಎಂಬ ಇನ್ನೊಂದು ಪಂಪಿನ ಸ್ಟೀರಾಯ್ಡ್ ಪಡೆದ ಕ್ಯಾಂಪ್ ಅಧ್ಯಯನದ ಮಕ್ಕಳು ದೊಡ್ಡವರಾದಾಗ 1.2 ಸೆಂಟಿಮೀಟರ್ ಕಡಿಮೆ ಇದ್ದರು ಎಂದು 2012ರಲ್ಲಿ ಗೊತ್ತಾಯಿತು. ಹೆಚ್ಚುಕಡಿಮೆ ಕಿರುಬೆರಳಿನ ಅಗಲ. ಇದನ್ನು ಹೆತ್ತವರಿಗೆ ಹೇಳಲೇಬೇಕು. ಏನೂ ಆಗಲ್ಲಮ್ಮ ಅಂದು ಕಳಿಸಿದರೆ, ನಾಳೆ ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಅವರು ಪಂಪನ್ನು ಬೀರುವಿಗೆ ಸೇರಿಸುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ಉಸಿರು ಕಟ್ಟಿ, ಇಡೀ ಮೈಗೆ ಹರಿಯುವ ಪ್ರೆಡ್ನಿಸೊಲೋನ್ ಸಿರಪ್ ಮಗುವಿನ ಹೊಟ್ಟೆಗೆ ಹೋಗುತ್ತದೆ. ಸ್ಟೀರಾಯ್ಡಿಗೆ ಹೆದರಿದ ಮನೆಯಲ್ಲೇ ಹೆಚ್ಚು ಸ್ಟೀರಾಯ್ಡ್!

ನೆಗಡಿಯಲ್ಲಿ ಮಾತ್ರ ಸಾಕು ಅನ್ನುವವರು 2011ರ ಮಿಸ್ಟ್ ಅಧ್ಯಯನವನ್ನು ಮುಂದಿಡುತ್ತಾರೆ. ಒಂದರಿಂದ ನಾಲ್ಕೂವರೆ ವರ್ಷದೊಳಗಿನ 278 ಮಕ್ಕಳು. ಒಂದು ಗುಂಪಿಗೆ ದಿನಾ ರಾತ್ರಿ ಅರ್ಧ ಮಿಲಿಗ್ರಾಂ ಬುಡೆಸೊನೈಡ್, ಇನ್ನೊಂದಕ್ಕೆ ನೆಗಡಿ ಶುರುವಾದೊಡನೆ ಏಳು ದಿನ, ದಿನಕ್ಕೆರಡು ಸಲ ಒಂದೊಂದು ಮಿಲಿಗ್ರಾಂ. ಉಲ್ಬಣದ ಸಂಖ್ಯೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂಕಿಅಂಶ ಸರಿ, ಅದನ್ನು ಓದುವ ಬಗೆ ತಪ್ಪು. ಔಷಧಿಯಿಲ್ಲದ ಗುಂಪೇ ಅಲ್ಲಿರಲಿಲ್ಲ. ಸೇರಿಸಿಕೊಂಡದ್ದು ನೆಗಡಿಗಳ ನಡುವೆ ಬಹುಮಟ್ಟಿಗೆ ಚೆನ್ನಾಗಿರುವ ಮಕ್ಕಳನ್ನು. ರಾತ್ರಿ ಕೆಮ್ಮಿ ಏಳುವ, ಓಡಿದರೆ ದಮ್ಮು ಕಟ್ಟುವ ಮಗುವಿಗೆ ಈ ಉತ್ತರವನ್ನು ಹೇಗೆ ಹಚ್ಚುತ್ತೀರಿ? ನಮ್ಮಲ್ಲಿ ನಡೆಯುವುದಾದರೂ ಏನು? ಎದೆ ಗೊರಗುಟ್ಟಿದ ಮೇಲೆ ಎರಡು ಪಫ್, ಎರಡು ದಿನಕ್ಕೆ ನಿಲುಗಡೆ. ಇದಕ್ಕೆ ಮಿಸ್ಟ್‌ನ ಹೆಸರು ಹೇಳುವುದು ಅನ್ಯಾಯ. ಆಗಾಗ ಕೊಟ್ಟರೆ ಎತ್ತರಕ್ಕೆ ತೊಂದರೆಯಿಲ್ಲ ಅನ್ನುವುದೂ ಭದ್ರವಾದ ಮಾತಲ್ಲ. 2009ರಲ್ಲಿ ಕೆನಡಾದವರು ನೆಗಡಿ ಬಂದಾಗ ಮಾತ್ರ ದಿನಕ್ಕೆರಡು ಸಲ 750 ಮೈಕ್ರೋಗ್ರಾಂ ಫ್ಲುಟಿಕಾಸೋನ್ ಕೊಟ್ಟರು. ಉಲ್ಬಣ ತಗ್ಗಿತು, ಎತ್ತರ ಮತ್ತು ತೂಕದ ಏರಿಕೆಯೂ ತಗ್ಗಿತು.

ನನ್ನ ನಿಲುವು 2016ರ ಇನ್‌ಫಂಟ್ ಅಧ್ಯಯನದ ಮೇಲೆ ನಿಂತಿದೆ. ಧೂಳು, ಪರಾಗದಂಥ ಗಾಳಿಯ ಅಲರ್ಜಿ ಇದ್ದು, ರಕ್ತದ ಇಯೊಸಿನೊಫಿಲ್ ಕಣಗಳು ಮೈಕ್ರೋಲೀಟರಿಗೆ 300 ಅಥವಾ ಹೆಚ್ಚಿರುವ ಮಗುವಿಗೆ ದಿನನಿತ್ಯದ ಕಡಿಮೆ ಡೋಸೇ ಹೆಚ್ಚು ಫಲ ಕೊಡುತ್ತದೆ. ಇಂಥ ಮಗುವನ್ನು ಆರಿಸಿಕೊಳ್ಳಿ, ಹತೋಟಿ ಸಿಗುವಷ್ಟೇ ಕೊಡಿ, ಮೂರು ತಿಂಗಳಿಗೊಮ್ಮೆ ಇಳಿಸಲು ನೋಡಿ, ಎತ್ತರ ಅಳೆದು ಬರೆದಿಡಿ.

ಆದರೆ ಡೋಸಿನ ಜಗಳಕ್ಕಿಂತ ಮೊದಲು ನೋಡಬೇಕಾದದ್ದು ಪಂಪಿನ ಔಷಧಿ ಕೊಡುವ ಮಾಸ್ಕಿನ ಅಂಚನ್ನು. ಪಿರಿಯಾಪಟ್ಟಣದ ಕಡೆಯ ತಾಯಿಯೊಬ್ಬರು ಮೂರು ವರ್ಷದ ಮಗನನ್ನು ಕರೆತರುತ್ತಿದ್ದರು. ಕೆಮ್ಮು ನಿಲ್ಲದೆ ನಾನು ಎರಡು ಸಲ ಡೋಸ್ ಏರಿಸಿದ್ದೆ. ಮೂರನೇ ಸಲ, "ಇಲ್ಲೇ ಒಂದ್ಸಲ ಕೊಡಿ ತಾಯಿ, ನೋಡ್ತೀನಿ" ಅಂದೆ. ಅವರು ಚೀಲದಿಂದ ಸ್ಪೇಸರ್ (ಪಂಪಿಗೂ ಮಾಸ್ಕಿಗೂ ನಡುವಿನ ಪ್ಲಾಸ್ಟಿಕ್ ಕೊಳವೆ) ತೆಗೆದು, ಸೆರಗಿನಿಂದ ಒಳಗೂ ಹೊರಗೂ ಥಳಥಳ ಹೊಳೆಯುವಂತೆ ಒರೆಸಿದರು. ಹುಡುಗ ಕಿರುಚಿ ಒದ್ದಾಡುತ್ತಿದ್ದ. ಕೆನ್ನೆಗೂ ಮಾಸ್ಕಿಗೂ ನಡುವೆ ನನ್ನ ಬೆರಳು ತೂರುವಷ್ಟು ಸಂದು. ಪ್ಲಾಸ್ಟಿಕ್ ಒರೆಸಿದಷ್ಟೂ ವಿದ್ಯುದಂಶ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ, ಉಳಿದದ್ದು ಸಂದಿನಿಂದ ಸೋರುತ್ತದೆ. ಅಳುವ ಮಗುವಿನ ಎದೆಗಂತೂ ಇಳಿಯುವುದು ಬಹಳ ಕಡಿಮೆ.

"ಸಾರ್, ಶುಚಿಯಾಗಿರಲಿ ಅಂತ ದಿನಾ ಒರೆಸ್ತೀನಿ" ಅಂದರು. ತಪ್ಪು ಅವರದ್ದಲ್ಲ, ತೋರಿಸಿಕೊಡದ ನನ್ನದು. ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ ಹಾಗೇ ಆರಲು ಬಿಡಿ ಎಂದು ಹೇಳಿಕೊಟ್ಟೆ. ಮೊದಲು ಬರಿಯ ಮಾಸ್ಕನ್ನು ಆಟದ ಸಾಮಾನಿನ ಹಾಗೆ ಹುಡುಗನ ಕೈಗೆ ಕೊಟ್ಟೆವು. ಅವನು ಅಮ್ಮನ ಮುಖಕ್ಕೆ ಇಟ್ಟ, ನನ್ನ ಮುಖಕ್ಕೆ ಇಟ್ಟ, ಆಮೇಲೆ ತನ್ನದಕ್ಕೆ. ಮೂಗು, ಬಾಯಿ ಎರಡೂ ಮುಚ್ಚಿ ಕೂತಿತು. ಸ್ಪೇಸರಿನ ಕವಾಟ ಉಸಿರಿಗೊಮ್ಮೆ ಅಲುಗುವುದನ್ನು ಅವನ ತಾಯಿ ಹತ್ತರವರೆಗೆ ಎಣಿಸಿದರು. ಆ ದಿನ ನಾನು ಡೋಸ್ ಏರಿಸಲಿಲ್ಲ. ಎರಡು ತಿಂಗಳ ಮೇಲೆ ಬಂದಾಗ ಇಳಿಸಿದೆ.